ಅನುಕಂಪ ಅಂದ್ರ ‘ಅಯ್ಯೋ ಪಾಪ’ ಅಲ್ರಿ

‘ನಿಮ್ಮ ಅನುಕಂಪ ನಮಗ ಬ್ಯಾಡ, ಪರಾನುಭೂತಿ ಕಲೀರಿ’ ಅಂತ ನಿನ್ನೆ ಮತ್ತೊಬ್ಬರು ಬರದಿದ್ರು. ಪರಾನುಭೂತಿ ಅಂದ್ರ ಇನ್ನೊಬ್ಬರ ಜಾಗದಾಗ ನಿಂತು ಅವರ ಭಾವನಾ ತಿಳ್ಕೊಳ್ಳೋದು. ಈ ತಿಂಗಳದಾಗ ಇದು ಮೂರನೇ ಸಲ, ಸುಮ್ಮ ಕೂಡಾಕ ಆಗ್ಲಿಲ್ಲ. ಅನುಕಂಪ ಅಂದ್ರ ಮ್ಯಾಲ ನಿಂತು ಕೆಳಗ ಒಗಿಯೋ ಚಿಲ್ಲರ ಅಂತ ಎಲ್ಲಾರೂ ತಿಳ್ಕೊಂಡುಬಿಟ್ಟಾರ. ‘ಅನುಕಂಪದ ಆಧಾರದ ನೌಕರಿ’, ಎಲೆಕ್ಷನ್ ಬಂದ್ರ ‘ಅನುಕಂಪದ ಅಲೆ’, ಹಿಂಗ ಬಳಸಿ ಬಳಸಿ ಪದ ಸವದು ಹೋಗ್ಯದ.

ಕಂಪ ಅಂದ್ರ ನಡುಕ, ಭೂಕಂಪದಾಗ ಇರೋದೂ ಅದೇ. ಅನು ಅಂದ್ರ ಬೆನ್ನ ಹಿಂದ, ಜೋಡಿಗಿ. ಅನುಜ ಅಂದ್ರ ಹಿಂದ ಹುಟ್ಟಿದಂವ, ಅನುಸರಿಸೋದು ಅಂದ್ರ ಬೆನ್ನ ಹತ್ತೋದು. ಅಂದ್ರ ಮೊದಲು ಒಬ್ಬರು ನಡಗ್ಯಾರ, ಅದು ನೋಡಿ ನೀವೂ ನಡಗೀರಿ, ಇಷ್ಟೇ ಅನುಕಂಪ. ಇದರಾಗ ಮ್ಯಾಲ ಕೆಳಗ ಎಲ್ಲಿಂದ ಬಂತು? ಹಾಂ, ಪರಾನುಭೂತಿ ಒಳಗೂ ಅದೇ ‘ಅನು’ ಕುಂತದ, ಅದನ್ನ ಯಾರೂ ನೋಡಂಗಿಲ್ಲ. ಅದು ಇಂಗ್ಲಿಷಿನ ಎಂಪತಿಗಿ ಹೊಂದಿಸಿದ ಪದ, ಆ ಎಂಪತಿನೂ 1909ರಾಗ ಟಿಚೆನರ್ ಅನ್ನೋ ಮನೋವಿಜ್ಞಾನಿ ಒಂದು ಜರ್ಮನ್ ಪದಕ್ಕ ಜೋಡಿ ಮಾಡಿದ್ದು. ಚಿತ್ರ, ಶಿಲ್ಪ ನೋಡೋವಾಗ ಮನಸ್ಸು ಅದರಾಗ ಇಳಿಯೋದಕ್ಕ ಜರ್ಮನರು ಆ ಪದ ಬಳಸ್ತಿದ್ರು. ನಮ್ಮ ಕಡಿ ಮಂದಿ ಹಮ್‌ದರ್ದಿ ಅಂತಾರ, ಹಮ್ ಅಂದ್ರ ಜೋಡಿ, ದರ್ದ್ ಅಂದ್ರ ನೋವು. ಛಲೋ ಪದ ಖರೆ, ಆದ್ರ ಒಂದೇ ನೋವು ಇಬ್ಬರಿಗೂ ಆಗ್ಯದ ಅಂತ ಹಕ್ಕು ಸಾಧಿಸ್ತದ, ನನಗ ಅಲ್ಲೇ ಅನುಮಾನ.

ಯಾಕಂದ್ರ 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಕು ಹೊಡಿಯೋ ಹೊತ್ತಿಗಿ ಮಹಾರಾಷ್ಟ್ರದ ಕಿಲ್ಲಾರಿದಾಗ ಭೂಮಿ ನಡಗ್ತು, ಅದರ ಬೆನ್ನಿಗೇ ಕಲಬುರಗಿದಾಗ ನಮ್ಮ ಮಂಚ ಅಳ್ಳಾಡ್ತು. ಅಲ್ಲಿ ಕಲ್ಲು ಮಣ್ಣಿನ ಮನಿ ಕುಸದು ಸುಮಾರು 10 ಸಾವಿರ ಮಂದಿ ಸತ್ರು. ನಮ್ಮನ್ಯಾಗ ಕೊಡದ ಮ್ಯಾಲಿನ ತಂಬಿಗಿ ಠಣ್ ಅಂತ ಬಿತ್ತು, ಎಲ್ಲಾರೂ ಓಣಿಗಿ ಓಡಿ ಬಂದ್ವಿ. ಎರಡೂ ಕಡಿ ಕಂಪ ಒಂದೇ ನೋಡ್ರಿ. ಆದ್ರ ನಮ್ಮ ಕಾಕಾ ಮಾತ್ರ ಕಿಲ್ಲಾರಿ ಹೆಸರು ಬಂದ್ರ ಸಾಕು, ‘ನಮಗೂ ಗೊತ್ತದ, ನಾವೂ ಅನುಭವಿಸೀವಿ’ ಅಂತ ಶುರು ಮಾಡ್ತಿದ್ರು. ಒಂದಿನ ಆ ಕಡಿಂದ ನಮ್ಮ ಓಣಿಗಿ ಸೊಸಿಯಾಗಿ ಬಂದ ವೈನಿ ಮುಂದೂ ಶುರು ಮಾಡಿದ್ರು. ಆಕಿ ಪೂರಾ ಕೇಳಿ, ಚಾದ ಕಪ್ಪು ಕೆಳಗಿಟ್ಟು, ‘ತಂಬಿಗಿ ಜಜ್ಜಿತ್ತೇನ್ರಿ ಕಾಕಾ?’ ಅಂದ್ಳು.