ಈಜಲು ಬಿಡದೆ ಹಿಡಿದುಕೊಂಡರು

ಮಳೆಗಾಲದಲ್ಲಿ ದೋಣಿ ಮಗುಚಿದವರನ್ನು ನಮ್ಮ ತುರ್ತು ಚಿಕಿತ್ಸಾ ಘಟಕಕ್ಕೆ ತಂದಾಗ, ಜೊತೆಗೆ ಬಂದವರು ಹೆಚ್ಚಾಗಿ ಒಂದೇ ಮಾತು ಹೇಳುತ್ತಾರೆ: "ಒಳ್ಳೆ ಈಜುಗಾರ ಡಾಕ್ಟ್ರೆ, ದಡ ಅಲ್ಲೇ ಕಾಣ್ತಿತ್ತು." ಆಗೆಲ್ಲ ನನಗೆ ಎರಡನೇ ಮಹಾಯುದ್ಧದ ಕೆನಡಾದ ವಿಮಾನ ಚಾಲಕ ಡೇವಿಡ್ ಹಾರ್ನೆಲ್ ನೆನಪಾಗುತ್ತಾರೆ.

1944ರ ಜೂನ್ 24. ಕೆನಡಾ ವಾಯುಪಡೆಯ 162ನೇ ಸ್ಕ್ವಾಡ್ರನ್ನಿನ ಒಂದು ಕ್ಯಾನ್ಸೊ ವಿಮಾನ ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಉತ್ತರಕ್ಕೆ ಗಸ್ತು ತಿರುಗುತ್ತಿತ್ತು, ಹಾರ್ನೆಲ್ ಅದರ ಚಾಲಕ. ನೀರಿನ ಮೇಲೂ ನೆಲದ ಮೇಲೂ ಇಳಿಯಬಲ್ಲ, ಕ್ಯಾಟಲಿನಾ ಜಾತಿಯ ವಿಮಾನ ಅದು. ಜರ್ಮನಿಯ ಯು-1225 ಜಲಾಂತರ್ಗಾಮಿ ಕಣ್ಣಿಗೆ ಬಿದ್ದೊಡನೆ ಹಾರ್ನೆಲ್ ದಾಳಿಗಿಳಿದರು. ಎದುರಿನ ಗುಂಡಿನಿಂದ ಬಲ ಎಂಜಿನ್ನಿಗೆ ಬೆಂಕಿ ಹತ್ತಿತು. ಆದರೂ ಅವರು ತಿರುಗಲಿಲ್ಲ, ನೀರಿನಾಳದಲ್ಲಿ ಸಿಡಿಯುವ ಡೆಪ್ತ್ ಚಾರ್ಜ್ ಬಾಂಬುಗಳನ್ನು ಬೀಳಿಸಿ ಜಲಾಂತರ್ಗಾಮಿಯನ್ನು ಮುಳುಗಿಸಿದರು. ಉರಿಯುವ ಎಂಜಿನ್ ಕಳಚಿ ಬಿತ್ತು. ಹೇಗೋ ವಿಮಾನವನ್ನು ದೊಡ್ಡ ಅಲೆಗಳ ನಡುವೆ ಇಳಿಸಿದರು, ಅದೂ ಬೇಗ ಮುಳುಗಿತು. ಉಳಿದದ್ದು ಎಂಟು ಜನ ಮತ್ತು ಎಲ್ಲರಿಗೂ ಸಾಲದ ಒಂದೇ ರಬ್ಬರ್ ತೆಪ್ಪ.

ಅವರು ಸರದಿ ಮಾಡಿಕೊಂಡರು. ಕೆಲವರು ತೆಪ್ಪದೊಳಗೆ, ಉಳಿದವರು ಅಂಚು ಹಿಡಿದು ನೀರಿನಲ್ಲಿ.

ಅಲ್ಲಿ ಜೂನ್‌ನಲ್ಲೂ ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್. ಅಂಥ ನೀರಿಗೆ ಬಿದ್ದ ಮೊದಲ ಒಂದೆರಡು ನಿಮಿಷ ಉಸಿರು ನಮ್ಮ ಮಾತು ಕೇಳುವುದಿಲ್ಲ, ಬಾಯಿ ತಾನಾಗಿ ತೆರೆದು ಗಾಳಿ ಎಳೆಯುತ್ತದೆ. ಆಗ ಮುಖ ನೀರಿನೊಳಗಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಅದನ್ನು ದಾಟಿದರೂ ಹತ್ತು ಹದಿನೈದು ನಿಮಿಷಗಳಲ್ಲಿ ಕೈಕಾಲು ಸೋಲತೊಡಗುತ್ತವೆ. ಎದೆ, ಮಿದುಳು ಬೆಚ್ಚಗಿರಲೆಂದು ದೇಹ ಚರ್ಮ ಮತ್ತು ಕೈಕಾಲುಗಳ ರಕ್ತನಾಳಗಳನ್ನು ಬಿಗಿಯುತ್ತದೆ. ತಣ್ಣಗಾದ ಸ್ನಾಯು ಮರಗಟ್ಟುತ್ತದೆ, ಬೆರಳಿಗೆ ಗಂಟು ಹಾಕಲೂ ಬರುವುದಿಲ್ಲ. ಒಡಲಿನ ಶಾಖ ಅಪಾಯದ ಮಟ್ಟಕ್ಕೆ ಇಳಿಯುವುದು ಇದೆಲ್ಲ ಆದ ಮೇಲೆ. ಎಂದರೆ, ತಣ್ಣೀರಿನಲ್ಲಿ ಎಷ್ಟೋ ಜನ ಸಾಯುವುದು ಚಳಿಯಿಂದಲ್ಲ, ತೋಳು ಸೋತು ಮುಳುಗಿ. ಈಜಿದರೆ ಮೈ ಬೆಚ್ಚಗಾಗುತ್ತದೆ ಎಂಬುದು ಕೆರೆಯಲ್ಲಿ ಕಲಿತ ನಂಬಿಕೆ. ಈಜುವಾಗ ಚರ್ಮಕ್ಕೆ ಅಂಟಿದ ಬೆಚ್ಚನೆಯ ನೀರು ಕದಡಿ ಹೋಗುತ್ತದೆ, ಬಿಸಿ ರಕ್ತ ಕೈಕಾಲಿಗೆ ಹರಿದು ಶಾಖ ಸೋರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಒಯ್ಯುತ್ತದೆ. ತೆಪ್ಪದೊಳಗಿನ ಸರದಿ, ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಡುಗುತ್ತ ಕೂತದ್ದಾದರೂ, ಜೀವ ಕಾಯುವ ಸರದಿಯೇ.

ಒಮ್ಮೆ ತೆಪ್ಪ ಮಗುಚಿತು. ಬಹಳ ಕಷ್ಟಪಟ್ಟು ಸರಿಮಾಡಿದರು. ಸೇಂಟ್ ಲಾರೆಂಟ್ ಮತ್ತು ಸ್ಕಾಟ್ ಎಂಬಿಬ್ಬರು ಚಳಿಗೆ ಪ್ರಾಣ ಬಿಟ್ಟರು. ನಾರ್ವೆಯ ಸ್ಕ್ವಾಡ್ರನ್ನಿನ ಕ್ಯಾಟಲಿನಾವೊಂದು ಅವರನ್ನು ಕಂಡಿತ್ತು. ಕೊನೆಗೆ ವಿಮಾನದಿಂದ ರಕ್ಷಣಾ ದೋಣಿಯೊಂದನ್ನು ಬೀಳಿಸಿದರು, ಅದು ಸುಮಾರು 450 ಮೀಟರ್ ದೂರಕ್ಕೆ ಬಿತ್ತು. ನಿತ್ರಾಣರಾಗಿದ್ದ ಹಾರ್ನೆಲ್ ಈಜಿ ತರುತ್ತೇನೆಂದು ಹೊರಟರು. ಜೊತೆಗಾರರು ಬಹಳ ಪ್ರಯಾಸದಿಂದ ತಡೆದರು. ವೈದ್ಯನಾಗಿ ನಾನು ಈ ಘಟನೆಯಲ್ಲಿ ಅತಿ ಹೆಚ್ಚು ಗೌರವಿಸುವುದು ಆ ಹಿಡಿತವನ್ನು. ಅಷ್ಟು ಹೊತ್ತು ತಣ್ಣೀರಿನಲ್ಲಿದ್ದ ತೋಳುಗಳಿಗೆ 450 ಮೀಟರ್ ದಾಟುವ ಶಕ್ತಿ ಇರುವುದಿಲ್ಲ.

21 ಗಂಟೆಗಳ ಬಳಿಕ ರಕ್ಷಣಾ ನೌಕೆ ಬಂತು. ಹಾರ್ನೆಲ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಮೇಲೆತ್ತಿದ ಸ್ವಲ್ಪ ಹೊತ್ತಿಗೆ ತೀರಿಕೊಂಡರು. ಐವರು ಉಳಿದರು. ಮರಣಾನಂತರ ಹಾರ್ನೆಲ್‌ಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಂದಿತು.

ಸಿಕ್ಕಿದ ಮೇಲೂ ಜೀವ ಹೋಗುತ್ತದೆ ಎಂಬುದನ್ನು ನಮ್ಮ ಕರಾವಳಿಯವರು ತಿಳಿದಿರಬೇಕು. ನೀರಿನ ಒತ್ತಡ ಕಾಲಿನ ರಕ್ತವನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತದೆ. ತೋಳಿಗೆ ಕೈಹಾಕಿ ನೆಟ್ಟಗೆ ಎತ್ತಿದರೆ ರಕ್ತ ಕಾಲಿಗಿಳಿದು ರಕ್ತದೊತ್ತಡ ಕುಸಿಯುತ್ತದೆ. ಆದಷ್ಟು ಅಡ್ಡವಾಗಿ ಎತ್ತಿ, ಮಲಗಿಸಿಯೇ ಇಡಿ. ನಡೆಸಬೇಡಿ, ಕೈಕಾಲು ತಿಕ್ಕಬೇಡಿ, ಸಾರಾಯಿ ಕುಡಿಸಲೇಬೇಡಿ. ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ.

ನಮ್ಮ ಸಮುದ್ರ 27, 28 ಡಿಗ್ರಿ ಇರುತ್ತದಲ್ಲ ಎನ್ನಬಹುದು. ಮೈಯ ಶಾಖಕ್ಕಿಂತ ಅದು ಒಂಬತ್ತು ಹತ್ತು ಡಿಗ್ರಿ ಕಡಿಮೆ. ಇಡೀ ರಾತ್ರಿ ಅದರಲ್ಲಿದ್ದವರು ಹಲ್ಲು ಕಟಕಟಿಸುತ್ತ ನಮ್ಮಲ್ಲಿಗೆ ಬಂದಿದ್ದಾರೆ. ಹಾಗೆ ಬಂದ ಒಬ್ಬರ ಮುಂಗೈ ಮೇಲೆ ಉಗುರಿನ ಗುರುತುಗಳಿದ್ದವು. ಏನೆಂದು ಕೇಳಿದೆ. "ನಾನು ಈಜ್ತೇನೆ ಅಂದೆ ಡಾಕ್ಟ್ರೆ. ಭಾವ ಬಿಡ್ಲೇ ಇಲ್ಲ ಮಾರಾಯ್ರೆ, ಬೆಳಗಿನ ತನಕ ಮಗುಚಿದ ದೋಣಿಗೆ ಒತ್ತಿ ಹಿಡ್ಕೊಂಡಿದ್ರು."