ಎಳೆದರೂ ಆರದ ಬೆಳಕು

ಬೆರಳನ್ನು ಒಮ್ಮೆ ಮಡಚಿ ನೋಡಿ. ಗೆಣ್ಣಿನ ಮೇಲಿನ ಸುಕ್ಕೆಲ್ಲ ಮಾಯವಾಗಿ ಚರ್ಮ ಬಿಗಿಯಾಗುತ್ತದೆ. ನೆಟ್ಟಗೆ ಮಾಡಿದರೆ ಮತ್ತೆ ಸುಕ್ಕು. ಮೈಗೆ ಅಂಟಿಸುವ ಪರದೆ ದಿನವಿಡೀ ಇದನ್ನೇ ಮಾಡಬೇಕು, ಬೆಳಕೂ ಆರಬಾರದು. ಬಾಗಿದರೆ ಸಾಲದು, ಹಿಗ್ಗಬೇಕು. ಕಾಗದ ಚೆನ್ನಾಗಿ ಬಾಗುತ್ತದೆ, ಎಳೆದರೆ ಹರಿಯುತ್ತದೆ ಅಲ್ವಾ?

ಬಾಗುವ ಬೆಳಕು ಬೇಗ ಬಂತು. 1987ರಲ್ಲಿ ಕೊಡಾಕ್‌ನ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಕಡಿಮೆ ವೋಲ್ಟೇಜಿನಲ್ಲಿ ಬೆಳಗುವ ಓಎಲ್‌ಇಡಿ, ಅಂದರೆ ಇಂಗಾಲದ ಸಂಯುಕ್ತಗಳ ತೆಳು ಪದರದಿಂದ ಬೆಳಗುವ ದೀಪ, ತೋರಿಸಿದರು. 1990ರಲ್ಲಿ ಕೇಂಬ್ರಿಡ್ಜ್ ತಂಡ ಪಾಲಿಮರ್‌ನಿಂದಲೇ (ಪ್ಲಾಸ್ಟಿಕ್‌ನಂಥ ಉದ್ದ ಅಣುಗಳ ವಸ್ತು) ಬೆಳಕು ತೆಗೆಯಿತು. ಎರಡೇ ವರ್ಷಕ್ಕೆ ಪ್ಲಾಸ್ಟಿಕ್ ಹಾಳೆಯ ಮೇಲೆ ಬಾಗುವ ಎಲ್‌ಇಡಿಯೂ ಆಯಿತು.

ಹಿಗ್ಗಿಸಲು ಹೋದಾಗ ಮೊದಲು ಕೈಕೊಟ್ಟದ್ದು ಎಲೆಕ್ಟ್ರೋಡ್, ಅಂದರೆ ದೀಪಕ್ಕೆ ವಿದ್ಯುತ್ ಒಯ್ಯುವ ಪದರ. ಬೆಳಕು ಹೊರಬರಬೇಕಾದರೆ ಅದು ಪಾರದರ್ಶಕವಾಗಿರಬೇಕು. ಅದಕ್ಕೆ ಬಳಸುವ ಇಂಡಿಯಂ ಟಿನ್ ಆಕ್ಸೈಡ್ ಗಾಜಿನ ಹಾಗೆ ಪೆಡಸು, ಸ್ವಲ್ಪ ಎಳೆದರೂ ಬಿರುಕು. ಹಾಗಾಗಿ ಒಂದು ಉಪಾಯ ಹುಟ್ಟಿತು: ದೀಪ ಗಟ್ಟಿಯಾಗಿಯೇ ಇರಲಿ, ನಡುವಿನ ತಂತಿ ಹಿಗ್ಗಲಿ. 2009ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ತಕಾವೊ ಸೊಮೆಯಾ ತಂಡ ರಬ್ಬರಿಗೆ ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಬೆರೆಸಿ ಅಂಥ ತಂತಿ ಮಾಡಿತು. 2013ರಲ್ಲಿ ಸೊಮೆಯಾ ಅವರೂ ಇದ್ದ ತಂಡವೊಂದು 1.4 ಮೈಕ್ರೊಮೀಟರ್ ದಪ್ಪದ ಹಾಳೆಯ ಮೇಲೆ ಪಾಲಿಮರ್ ಎಲ್‌ಇಡಿ ಕಟ್ಟಿ, ಮೊದಲೇ ಎಳೆದಿಟ್ಟ ರಬ್ಬರಿಗೆ ಅಂಟಿಸಿತು. ರಬ್ಬರ್ ಬಿಟ್ಟರೆ ಹಾಳೆ ನೆರಿಗೆ ಕಟ್ಟುತ್ತದೆ, ಎಳೆದರೆ ನೆರಿಗೆ ಬಿಚ್ಚುತ್ತದೆ. ನಮ್ಮ ಗೆಣ್ಣಿನ ಚರ್ಮದ ಹಾಗೆಯೇ! ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ಘಟ್ಟ ಇದು.

ಆದರೆ ಇಲ್ಲೆಲ್ಲ ಬೆಳಗುವ ವಸ್ತು ತಾನಾಗಿ ಹಿಗ್ಗುತ್ತಿರಲಿಲ್ಲ. ಅದನ್ನೂ ಹಿಗ್ಗಿಸುವ ದಾರಿ ಹಿಡಿದವರು ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಚಿಬಿಂಗ್ ಪೈ. ಅದೇ 2013ರಲ್ಲಿ ಅವರ ತಂಡ ಬೆಳ್ಳಿಯ ನ್ಯಾನೊತಂತಿಗಳ ಎಲೆಕ್ಟ್ರೋಡ್ ಬಳಸಿ, ಎರಡು ಪಟ್ಟಿಗಿಂತ ಜಾಸ್ತಿ ಉದ್ದಕ್ಕೆ ಎಳೆದರೂ ಬೆಳಗುವ ಸಾಧನ ಮಾಡಿತು. 2022ರಲ್ಲಿ ಸ್ಟ್ಯಾನ್‌ಫರ್ಡ್‌ನ ಝೆನಾನ್ ಬಾವೊ ತಂಡ ಬೆಳಗುವ ಪಾಲಿಮರ್‌ಗೆ ರಬ್ಬರಿನಂತೆ ಹಿಗ್ಗುವ ಪಾಲಿಯುರೆಥೇನ್ ಬೆರೆಸಿತು. ಒಳಗೆ ಸಣ್ಣ ನಾರುಗಳ ಬಲೆ ಹೆಣೆದುಕೊಂಡಿತು, ಹಿಗ್ಗಿದರೂ ವಿದ್ಯುತ್ತಿನ ದಾರಿ ಕಡಿಯಲಿಲ್ಲ. ಬೆಳಕು ಚದರ ಮೀಟರಿಗೆ 7,450 ಕ್ಯಾಂಡೆಲಾ (ಬೆಳಕಿನ ಅಳತೆ) ಮುಟ್ಟಿತು. ಅದನ್ನು ಚರ್ಮದ ಮೇಲಿಟ್ಟು ನಾಡಿಬಡಿತವನ್ನೂ ತೋರಿಸಿದರು.

ಇಷ್ಟಾದರೂ ಎಲ್‌ಜಿ ಡಿಸ್‌ಪ್ಲೇ 2024ರಲ್ಲಿ ತೋರಿಸಿದ, 12 ಇಂಚಿನಿಂದ 18 ಇಂಚಿಗೆ ಹಿಗ್ಗುವ ಪರದೆಯಲ್ಲಿ ಇರುವುದು ಗಟ್ಟಿ ಮೈಕ್ರೊ ಎಲ್‌ಇಡಿಗಳೇ, ಅಂದರೆ ಅತಿ ಸಣ್ಣ ದೀಪಗಳು. ಮತ್ತೆ ಹಳೆಯ ಉಪಾಯ. ನನ್ನ ಪ್ರಕಾರ ಈಗಿನ ದೊಡ್ಡ ತೊಡಕು ಹಿಗ್ಗುವುದಲ್ಲ, ಗಾಳಿ ಮತ್ತು ತೇವ. ಇವೆರಡೂ ಬೆಳಗುವ ಪಾಲಿಮರನ್ನು ಬೇಗ ಕೆಡಿಸುತ್ತವೆ. ಫೋನಿನಲ್ಲಾದರೆ ಗಾಜಿನಂಥ ಬಿಗಿಯಾದ ಪದರ ತಡೆಯುತ್ತದೆ. ಮೆತ್ತನೆಯ ರಬ್ಬರ್ ಎರಡನ್ನೂ ಒಳಗೆ ಬಿಡುತ್ತದೆ, ಮೇಲೆ ಮೈಬೆವರು ಬೇರೆ.