ಗ್ರಹಚಾರ, ಶುಕ್ರದೆಸೆ, ಮೂಲಾ ನಕ್ಷತ್ರ: ಲೆಕ್ಕ ಉದುರಿಹೋದ ಮಾತುಗಳು

“ಇರು, ನಿನ್ನ ಗ್ರಹಚಾರ ಬಿಡಿಸ್ತೀನಿ” ಎಂಬ ಗದರಿಕೆ ಕೇಳದ ಕನ್ನಡದ ಮನೆ ಇರಲಾರದು. ಆದರೆ ಗ್ರಹಚಾರ ಮೊದಲಿಗೆ ಬೈಗುಳವಲ್ಲ, ಕೇಡೂ ಅಲ್ಲ. ಚಾರ ಎಂದರೆ ನಡೆ. ಯಾವ ಗ್ರಹ ಯಾವ ರಾಶಿಯನ್ನು ಎಷ್ಟು ದಿನದಲ್ಲಿ ದಾಟುತ್ತದೆ ಎಂಬ ಲೆಕ್ಕ, ಅಷ್ಟೇ. 6ನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಆದಿತ್ಯಚಾರ, ಚಂದ್ರಚಾರ, ರಾಹುಚಾರ, ಶನೈಶ್ಚರಚಾರ ಎಂದು ಒಂದೊಂದರ ನಡೆಗೂ ಒಂದೊಂದು ಅಧ್ಯಾಯ ಇಟ್ಟಿದ್ದಾನೆ. ಕನ್ನಡದಲ್ಲಿ ಶ್ರೀಧರಾಚಾರ್ಯ ಜಾತಕತಿಲಕ ಎಂಬ ಜ್ಯೋತಿಷ ಗ್ರಂಥ ಬರೆದದ್ದು 1049ರಲ್ಲಿ. ಈ ಶಾಸ್ತ್ರದ ಮಾತುಗಳು ಕನ್ನಡಕ್ಕೆ ಬಂದು ಹತ್ತಿರ ಹತ್ತಿರ ಸಾವಿರ ವರ್ಷ. ಇಷ್ಟು ಕಾಲದಲ್ಲಿ ಮಾತು ಉಳಿಯಿತು, ಅದಕ್ಕೆ ಕಟ್ಟಿದ್ದ ಲೆಕ್ಕ ಉದುರಿತು. ಆ ಜಾಗದಲ್ಲಿ ಭಯ ಬಂದು ಕೂತಿತು. ಅದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ಮದುವೆಗೆ ಬಂದ ಹೆಣ್ಣುಮಕ್ಕಳ ಮೇಲೆ.

ಮೊದಲು ಶನಿ. ಹೆಸರಲ್ಲೇ ಲೆಕ್ಕವಿದೆ: ಶನೈಶ್ಚರ, ಮೆಲ್ಲಗೆ ನಡೆಯುವವನು. ಹನ್ನೆರಡು ರಾಶಿ ಸುತ್ತಲು ಅವನಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು, ಒಂದು ರಾಶಿಗೆ ಎರಡೂವರೆ ವರ್ಷ. ಜನ್ಮರಾಶಿಯ ಹಿಂದಿನ ರಾಶಿ, ಜನ್ಮರಾಶಿ, ಮುಂದಿನ ರಾಶಿ ಮೂರನ್ನೂ ಕೂಡಿದರೆ ಏಳೂವರೆ. ಉತ್ತರ ಕರ್ನಾಟಕದ ಸಾಡೇಸಾತಿ, ದಕ್ಷಿಣದ ಏಳೂವರೆ ಶನಿ ಇದೇ. ಇದಕ್ಕೆ ಜನ್ಮರಾಶಿಯಿಂದ ಎಣಿಸಿ ನಾಲ್ಕನೆಯ ಮನೆಯ ಅರ್ಧಾಷ್ಟಮ ಶನಿ, ಐದನೆಯ ಮನೆಯ ಪಂಚಮ ಶನಿ, ಎಂಟನೆಯ ಮನೆಯ ಅಷ್ಟಮ ಶನಿ ಸೇರಿಸಿ. ಹನ್ನೆರಡು ರಾಶಿಗಳಲ್ಲಿ ಆರು ಸದಾ ಯಾವುದೋ ಒಂದು ಶನಿಯ ಕೆಳಗಿರುತ್ತವೆ. “ನಿಮಗೆ ಶನಿಕಾಟ ಇದೆ” ಎಂದು ಕಣ್ಣುಮುಚ್ಚಿ ಹೇಳಿದರೂ ಇಬ್ಬರಲ್ಲಿ ಒಬ್ಬರಿಗೆ ತಾಗುವುದು ಇದಕ್ಕೇ.

ಇಲ್ಲಿ ಎರಡು ತಪ್ಪು ಮೇಲಿಂದ ಮೇಲೆ ಆಗುತ್ತವೆ. ಜನ್ಮರಾಶಿ ಎಂದರೆ ಹುಟ್ಟಿದಾಗ ಚಂದ್ರನಿದ್ದ ರಾಶಿ. ಇಂಗ್ಲಿಷ್ ತಾರೀಖು ನೋಡಿ ಹೇಳುವ ರಾಶಿ ಸೂರ್ಯನದು, ಅದೂ ವಿಷುವದಿಂದ ರಾಶಿ ಎಣಿಸುವ ಪಾಶ್ಚಾತ್ಯ ಸಾಯನ ಲೆಕ್ಕದ್ದು. ಏಪ್ರಿಲ್ 5ರಂದು ಹುಟ್ಟಿದವರು ತಮ್ಮದು ಮೇಷ ಎಂದುಕೊಂಡಿರುತ್ತಾರೆ. ನಕ್ಷತ್ರಗಳಿಂದ ರಾಶಿ ಎಣಿಸುವ ನಮ್ಮ ಪಂಚಾಂಗದಲ್ಲಿ ಅಂದು ಸೂರ್ಯ ಇನ್ನೂ ಮೀನದಲ್ಲಿರುತ್ತಾನೆ, ಚಂದ್ರ ಎಲ್ಲಿ ಬೇಕಾದರೂ ಇರಬಹುದು. ಎರಡನೆಯದು ಗಣಿತದ ಭೇದ. ಆಕಾಶದಲ್ಲಿ ಕಾಣುವುದಕ್ಕೆ ಹೊಂದಿಸಿ ಎಣಿಸುವ ದೃಗ್ಗಣಿತದ ಪಂಚಾಂಗಗಳಲ್ಲಿ ಶನಿ ಮೀನಕ್ಕೆ ಬಂದದ್ದು 2025ರ ಮಾರ್ಚ್ 29ರಂದು. ಹಳೆಯ ಸೂತ್ರಗಳಿಂದ ಎಣಿಸುವ ವಾಕ್ಯ ಪಂಚಾಂಗ ಅನುಸರಿಸುವ, ಕಾರೈಕಾಲ್ ಬಳಿಯ ತಿರುನಳ್ಳಾರಿನ ಶನೀಶ್ವರ ದೇವಸ್ಥಾನದ ಪ್ರಕಾರ ಅದು 2026ಕ್ಕೆ. ಒಂದೇ ಶನಿ, ಒಂದೇ ಆಕಾಶ, ಹೆಚ್ಚುಕಡಿಮೆ ಒಂದು ವರ್ಷದ ಅಂತರ.

ಇನ್ನು ಶುಕ್ರದೆಸೆ. ಸೈಟು ಕೊಂಡವನನ್ನೂ ಕೆಲಸದಲ್ಲಿ ಮೇಲೇರಿದವನನ್ನೂ ಕಂಡು “ಅವನಿಗೆ ಶುಕ್ರದೆಸೆ” ಎನ್ನುತ್ತೇವೆ. ದೆಸೆ ಎಂದರೆ ಬದುಕಿನಲ್ಲಿ ಒಂದು ಗ್ರಹ ಆಳುವ ಅವಧಿ. ಅದನ್ನು ಎಣಿಸುವ ವಿಂಶೋತ್ತರಿ ಪದ್ಧತಿಯಲ್ಲಿ 120 ವರ್ಷವನ್ನು ಒಂಬತ್ತು ಗ್ರಹಗಳಿಗೆ ಹಂಚಿದೆ: ಕೇತು 7, ಶುಕ್ರ 20, ರವಿ 6, ಚಂದ್ರ 10, ಕುಜ 7, ರಾಹು 18, ಗುರು 16, ಶನಿ 19, ಬುಧ 17. ಎಲ್ಲಿಂದ ಶುರು ಎಂಬುದು ಹುಟ್ಟಿದ ನಕ್ಷತ್ರದ ಮೇಲೆ. ಅಶ್ವಿನಿ, ಮಘಾ, ಮೂಲಾದವರು ಕೇತುವಿನಿಂದ ಹೊರಡುವುದರಿಂದ ಏಳು ವರ್ಷದೊಳಗೆ ಶುಕ್ರನಿಗೆ ಬರುತ್ತಾರೆ. ಭರಣಿಯವರಿಗೆ ತೊಟ್ಟಿಲಲ್ಲೇ ಶುಕ್ರದೆಸೆ. ಕೃತ್ತಿಕೆಯವರಿಗೆ ರವಿ ಮೊದಲು, ಶುಕ್ರ ಕೊನೆಗೆ. 94 ದಾಟದೆ ಆ ದೆಸೆ ಬರುವುದೇ ಇಲ್ಲ. ಕಾದು ಕೂತವರಿಗೆ ಇದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ.

ಶುಕ್ರದೆಸೆ ತಪ್ಪಿದರೆ ಆಸೆ ಕೆಡುತ್ತದೆ, ಅಷ್ಟೇ. ಮೂಲಾ ನಕ್ಷತ್ರದ ಮಾತು ಸಂಬಂಧವನ್ನೇ ಮುರಿಯುತ್ತದೆ. “ಮೂಲಾ ಮಾವನಿಗಾಗದು, ಆಶ್ಲೇಷಾ ಅತ್ತೆಗಾಗದು, ಜ್ಯೇಷ್ಠಾ ಭಾವನಿಗಾಗದು, ವಿಶಾಖಾ ಮೈದುನನಿಗಾಗದು.” ಇಪ್ಪತ್ತೇಳರಲ್ಲಿ ನಾಲ್ಕು ನಕ್ಷತ್ರ, ಅಂದರೆ ಹೆಚ್ಚುಕಡಿಮೆ ಏಳು ಹುಡುಗಿಯರಲ್ಲಿ ಒಬ್ಬಳು. ಮಾವನಿಲ್ಲದ ಮನೆ ಹುಡುಕಿ ಎಂದು ಅವಳ ತಂದೆತಾಯಿಗೆ ಸಲಹೆ ಕೊಡುವವರು ಈಗಲೂ ಇದ್ದಾರೆ.

ಈ ಮಾತಿಗೆ ಆಧಾರವೆಂದು ತೋರಿಸುವ ಶ್ಲೋಕ ಮುಹೂರ್ತಚಿಂತಾಮಣಿಯದು. ಕಾಶಿಯಲ್ಲಿ ರಾಮದೈವಜ್ಞ 1600ರ ಹೊತ್ತಿಗೆ ಬರೆದ ಗ್ರಂಥ. ಅದನ್ನು ಬಿಡಿಸಿ ಓದಿದರೆ ಗಾದೆ ನುಂಗಿದ್ದೆಲ್ಲ ಕಾಣುತ್ತದೆ. ಆಶ್ಲೇಷಾ, ಮೂಲಾ ಎರಡಕ್ಕೂ ಅಲ್ಲಿರುವ ಪದ “ಕನ್ಯಾಸುತೌ”: ಮಗಳು ಮತ್ತು ಮಗ. ಹುಡುಗನ ನಕ್ಷತ್ರವೂ ಅವನ ಅತ್ತೆಮಾವಂದಿರಿಗೆ ಅಷ್ಟೇ ಲಾಗು. ನಮ್ಮ ಬಾಯಿಗೆ ಬರುವಷ್ಟರಲ್ಲಿ ಹುಡುಗ ನುಣುಚಿಕೊಂಡ, ಹುಡುಗಿ ಸಿಕ್ಕಿಬಿದ್ದಳು. ಒಂದು ನಕ್ಷತ್ರಕ್ಕೆ ನಾಲ್ಕು ಪಾದ, ಅಂದರೆ ನಾಲ್ಕು ಭಾಗ. ಮುಂದಿನ ಸಾಲುಗಳು ವಿನಾಯಿತಿಯವು: ಮೂಲಾದ ಕೊನೆಯ ಪಾದ ಶುಭ, ಆಶ್ಲೇಷಾದ ಮೊದಲ ಪಾದ ಶುಭ, ವಿಶಾಖಾದ ಮೊದಲ ಮೂರು ಪಾದ ಮೈದುನನಿಗೆ ಸುಖ. ಗಾದೆಯಲ್ಲಿ ಪಾದದ ಸುದ್ದಿಯೇ ಇಲ್ಲ. ತಮಿಳಿನಲ್ಲಂತೂ “ಆಣ್ ಮೂಲಂ ಅರಸಾಳುಂ, ಪೆಣ್ ಮೂಲಂ ನಿರ್ಮೂಲಂ” ಎಂದು ಗಂಡಿಗೆ ಪಟ್ಟ ಕಟ್ಟಿ ಹೆಣ್ಣಿಗೆ ಕೇಡು ಹಚ್ಚಿದರು. ಅದು ಮೊದಲಿಗೆ ಆಣ್ ಅಲ್ಲ, ಆನಿ ತಿಂಗಳು; ಪೆಣ್ ಅಲ್ಲ, ಪಿನ್ (ನಂತರದ್ದು) ಎಂದು ವಾದಿಸುವ ಜ್ಯೋತಿಷಿಗಳು ಅಲ್ಲೂ ಇದ್ದಾರೆ.

ಕುಜದೋಷದ ಕಥೆ ಚಿಕ್ಕದು. ಲಗ್ನದಿಂದ, ಅಂದರೆ ಹುಟ್ಟಿದಾಗ ಪೂರ್ವದಲ್ಲಿ ಮೂಡುತ್ತಿದ್ದ ರಾಶಿಯಿಂದ, 2, 4, 7, 8, 12ರಲ್ಲಿ ಕುಜನಿದ್ದರೆ ದೋಷ: ಹನ್ನೆರಡರಲ್ಲಿ ಐದು ಮನೆ. ಕೆಲವರು ಲಗ್ನ, ಚಂದ್ರ, ಶುಕ್ರ ಮೂರರಿಂದಲೂ ಎಣಿಸುತ್ತಾರೆ. ಹಾಗೆ ಎಣಿಸಿದರೆ ಹತ್ತರಲ್ಲಿ ಸುಮಾರು ಎಂಟು ಜಾತಕ ಎಲ್ಲಾದರೂ ಒಂದು ಕಡೆ ಸಿಕ್ಕಿಬೀಳುತ್ತವೆ. ಮೇಷ, ವೃಶ್ಚಿಕ, ಮಕರದ ಕುಜನಿಗೆ ದೋಷವಿಲ್ಲ, ಇಬ್ಬರಿಗೂ ಇದ್ದರೆ ಪರಿಹಾರ ಎಂಬ ನಿಯಮಗಳು ಬೇಕಾದದ್ದೇ ಅದಕ್ಕೆ; ಇಲ್ಲದಿದ್ದರೆ ಊರಲ್ಲಿ ಮದುವೆಗಳೇ ನಡೆಯುತ್ತಿರಲಿಲ್ಲ.

ಜಾತಕ ಹಿಂತಿರುಗಿ ಬಂದ ಮನೆಯವರು ಮೊದಲು ನೋಡಬೇಕಾದದ್ದು ಪಾದ. ಚಂದ್ರ ಒಂದು ನಕ್ಷತ್ರ ದಾಟಲು ಸುಮಾರು ಒಂದು ದಿನ, ಒಂದು ಪಾದಕ್ಕೆ ಸುಮಾರು ಆರು ಗಂಟೆ. ತಾರೀಖೊಂದೇ ಇಟ್ಟುಕೊಂಡು ಪಾದ ಹೇಳಲು ಬರುವುದಿಲ್ಲ, ಹುಟ್ಟಿದ ವೇಳೆ ಬೇಕು. ಜನನ ಪ್ರಮಾಣಪತ್ರದಲ್ಲಿ ಸಾಮಾನ್ಯವಾಗಿ ವೇಳೆ ಇರುವುದಿಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಹುಡುಕಿ. ಮಗು ಹೊರದೇಶದಲ್ಲಿ ಹುಟ್ಟಿದ್ದರೆ ಇನ್ನೊಂದು ಎಚ್ಚರ ಬೇಕು. ಇಲ್ಲಿಯ ಪಂಚಾಂಗದಲ್ಲಿರುವುದು ಭಾರತದ ಸಮಯ. ನ್ಯೂಜೆರ್ಸಿಯಲ್ಲಿ ಚಳಿಗಾಲದ ರಾತ್ರಿ 8 ಗಂಟೆ ಎಂದರೆ ಇಲ್ಲಿ ಮರುದಿನ ಬೆಳಗಿನ ಆರೂವರೆ. ಈ ಹತ್ತೂವರೆ ಗಂಟೆ ಕೂಡಿಸುವುದನ್ನು ಮರೆತರೆ ಮೂಲಾ 4ನೇ ಪಾದದ ಹುಡುಗಿ ಕಾಗದದಲ್ಲಿ 2ನೆಯ ಅಥವಾ 3ನೆಯ ಪಾದದವಳಾಗುತ್ತಾಳೆ.